ಮೂರು ದಿನ, ಹತ್ತು ದಿನ

ಸಿಯೋಲಿನ ಸ್ಟುಡಿಯೊದಲ್ಲಿ ಮೊದಲು ಮುಖಕ್ಕೆ ಪೌಡರು.
ಆಮೇಲೆ ಕಿವಿಗೆ ಪೆನ್ಸಿಲ್ಲು ಸಿಕ್ಕಿಸಿಕೊಂಡ ಬರಹಗಾರ್ತಿ ಹುಡುಗಿ:
"ಓಕ್‌ಸಿಮ್ ಅಕ್ಕ, ಮೂರು ದಿನ ಉಪವಾಸ ಅಂದಿರಲ್ಲ,
ಹತ್ತು ಅನ್ನೋಣವೆ?
ಮೂರು ದಿನ ಎಲ್ಲರೂ ಹೇಳಿಯಾಗಿದೆ."

ಮೂರೇ. ನನಗೆ ಲೆಕ್ಕ ಗೊತ್ತು.
ಮೂರನೆಯ ಸಂಜೆ ತಮ್ಮ ಗೋಡೆಯ ಕಡೆ ಹೊರಳಿ ಮಲಗಿದ,
ಬೆಳಿಗ್ಗೆ ಈ ಕಡೆ ಹೊರಳಲಿಲ್ಲ.
ಆದರೆ ಮನೆ ಬಾಡಿಗೆಯ ಲೆಕ್ಕ ಬೇರೆ.
ಹತ್ತು, ಅಂದೆ.
ದೀಪಗಳು ಹತ್ತಿದವು.

ಮುಂದಿನ ವಾರ ಲಿಫ್ಟಿನಲ್ಲಿ ಆರನೆ ಮಹಡಿಯಾಕೆ
ನನ್ನ ಕೈ ಹಿಡಿದು ಅತ್ತಳು, ಅಕ್ಕಿ ಕಡುಬು ಕೊಟ್ಟಳು.
"ಅಲ್ಲಿ ನಗೋದಕ್ಕೂ ಅಪ್ಪಣೆ ಬೇಕಂತೆ, ಹೌದೆ?"
ಹೇಳಬೇಕೆಂದಿದ್ದೆ:
ನಮ್ಮ ಮುಸಾನಿನಲ್ಲಿ ಹೊಳೆ ಹೆಪ್ಪುಗಟ್ಟಿದ ದಿನ
ಗಣಿಯ ಹೆಂಗಸರೆಲ್ಲ ತಗಡಿನ ಮೇಲೆ ಕೂತು ಜಾರಿ ಜಾರಿ
ಹೊಟ್ಟೆ ಹುಣ್ಣಾಗುವಂತೆ ನಕ್ಕದ್ದು,
ಕಾವಲಿನ ಹುಡುಗನೂ ಬಂದೂಕು ಬದಿಗಿಟ್ಟು
ಒಂದು ಸರದಿ ಜಾರಿದ್ದು.
ಲಿಫ್ಟು ಆರಕ್ಕೆ ನಿಂತಿತು.

ಊರಿನ ಅಕಾರ್ಡಿಯನ್ ಮೇಷ್ಟರನ್ನು
ಗುಂಡಿಕ್ಕಿ ಕೊಂದರೆಂದು ಸುದ್ದಿ ಬಂತು.
ಒಂದು ಚಾನೆಲ್ಲು ಗುಂಡಿನ ಜೊತೆ ನಾಯಿಗಳನ್ನೂ ಬಿಟ್ಟಿತ್ತು,
ಇನ್ನೊಂದು ಫಿರಂಗಿ ತಂದಿತ್ತು.
ನಾನು ಬಟ್ಟಲಲ್ಲಿ ನೀರಿಟ್ಟು ತಲೆಬಾಗಿದೆ.
ವಸಂತಕ್ಕೆ ಪ್ಯೊಂಗ್ಯಾಂಗಿನ ಹಬ್ಬದ ತುಣುಕೊಂದರಲ್ಲಿ
ಅದೇ ಮೇಷ್ಟರು, ಸ್ವಲ್ಪ ದಪ್ಪಗಾಗಿ,
ಅದೇ ಹಳೆಯ ಜಾಗದಲ್ಲಿ ಶ್ರುತಿ ತಪ್ಪುತ್ತಾ!
ಸತ್ತವರು ಎದ್ದು ಬಂದರೆ ಯಾರೂ ಕ್ಷಮೆ ಕೇಳುವುದಿಲ್ಲ.
ಬಟ್ಟಲು ತೊಳೆದು ಕವುಚಿಟ್ಟೆ.

ತಮ್ಮನ ಮೂರು ದಿನ ಮಾತ್ರ
ಆ ಹತ್ತು ದಿನಗಳ ಪಕ್ಕದಲ್ಲಿ ಬಡಕಲಾಗಿ ನಿಂತಿದೆ.
ಯಾರ ಕಣ್ಣಿಗೂ ಬೀಳುವುದಿಲ್ಲ.

ಚಳಿಗೆ ಮುಂಚೆ ಗಡಿಯ ಬೆಟ್ಟದಿಂದ ದಲ್ಲಾಳಿಯ ಫೋನು,
ನಿಮಿಷಕ್ಕೆ ಇಷ್ಟೆಂದು ದುಡ್ಡು.
ಅಮ್ಮನ ಪಿಸುದನಿ:
"ಅಲ್ಲಿ ಸೇತುವೆ ಕೆಳಗೆ ಮಲಗ್ತೀಯಂತೆ?
ಬಡವರ ರಕ್ತ ಹಿಂಡಿ ಮಾರ್ತಾರಂತೆ?"
ಇಲ್ಲಮ್ಮ, ಹನ್ನೊಂದನೆ ಮಹಡಿ, ಬಿಸಿನೀರು ಬರುತ್ತೆ.
ಮೌನ. ದುಡ್ಡು ಓಡುತ್ತಿತ್ತು.
"ಪಕ್ಕದಲ್ಲಿ ಯಾರಾದ್ರೂ ನಿಂತಿದಾರಾ?
ಹಾಗೆ ಹೇಳು ಅಂತ ಹೇಳಿಸ್ತಿದಾರಾ?"

ಗೋಡೆ ನೋಡಿದೆ. ಮೇಜಿನ ಮೇಲಿನ ಪೌಡರು ಡಬ್ಬಿ ನೋಡಿದೆ.
ಯಾರೂ ಇಲ್ಲ, ಅಂದೆ.
ಅದು ಅರ್ಧ ನಿಜ.

ಆಮೇಲೆ ಕೇಳಿದಳು,
ಈ ಸಲ ಎಲೆಕೋಸಿನ ಉಪ್ಪಿನಕಾಯಿಗೆ
ಉಪ್ಪು ಎಷ್ಟು ಹಾಕಿದೆ ಅಂತ.
ಮೂರು ಹಿಡಿ.
"ಜಾಸ್ತಿಯಾಯ್ತು ಕಣೆ," ಅಂದಳು ಅಮ್ಮ.