ತೆಳು

ಬ್ಯೂರೆಟ್ಟಿನ ಕಿವಿ ಹಿಂಡಿದರೆ ಹನಿ.
ಹಿಂಡದಿದ್ದರೂ ಹನಿ; ನಮ್ಮ ಕಾಲೇಜಿನವು ಅಂಥವೇ.
ಎರಡನೇ ಮೇಜಿನದಕ್ಕೆ ವ್ಯಾಸಲೀನ್ ಸವರಿ
ದಾವಲಸಾಬ ಅಂದ: "ತಡೀತೈತ್ರಿ ಮೇಡಂ,
ಪರೀಕ್ಷಾ ಮುಗಿಯೂ ತನಕ."

ಗದಗದ ನಳದ ನೀರು ಇಲ್ಲಿ ನಡೆಯುವುದಿಲ್ಲ,
ಅರ್ಧ ಊರೇ ಕರಗಿರುತ್ತದೆ ಅದರಲ್ಲಿ.
ಬ್ಯಾಟರಿ ಅಂಗಡಿಯ ಕ್ಯಾನು ತರಿಸಿ
ಆಕ್ಸಾಲಿಕ್ ಹರಳು ತೂಗಿ, ಕರಗಿಸಿ
ಎಲ್ಲರಿಗೂ ಇಪ್ಪತ್ತಿಪ್ಪತ್ತು ಎಮ್ಮೆಲ್ ಹಂಚಿದೆ.
ಕಣ್ಣು ನೀರಿನ ಮಟ್ಟಕ್ಕೆ ತನ್ನಿ,
ಬಾಗಿದ ನೀರಿನ ಹೊಟ್ಟೆ ಓದಿ, ಹೆಗಲಲ್ಲ.

ಶಾಕಂಬರಿ ಗಂಜಿ, ಬೆಟಗೇರಿಯ ಹುಡುಗಿ,
ಮೂರು ಸಲವೂ ದಾಟಿದಳು.
ಮೂರು ಫ್ಲಾಸ್ಕಿನ ತುಂಬ ಗುಲಾಲು.
ಬಿಳಿ ಟೈಲಿನ ಮೇಲಿಟ್ಟು ನೋಡುತ್ತ ನಿಂತಳು;
ತಪ್ಪು ಮಾಡಿದವರು ಹಾಗೆ ನೋಡುವುದಿಲ್ಲ.
"ಯಾಕವ್ವಾ, ನಿಲ್ಲಿಸಲಿಲ್ಲ?"
"ಬಣ್ಣ ಇನ್ನೂ ಕೂಡಿರಲಿಲ್ರಿ."

ಅವಳಪ್ಪ ನೂಲಿಗೆ ಬಣ್ಣ ಹಾಕುವವನು.
ಕುದಿವ ಹಂಡೆಗೆ ಲಡಿ ಅದ್ದಿ, ಎತ್ತಿ, ಹಿಂಡಿ,
ಬಿಸಿಲಿಗೆ ಹಿಡಿದು, ಮತ್ತೆ ಅದ್ದಿ.
ತೆಳು ಬಂದರೆ ಮಾಲಕ ಲಡಿ ವಾಪಸು ಒಗೆಯುತ್ತಾನೆ,
ಕೂಲಿ ಮುರಿಯುತ್ತಾನೆ.
ಆ ಮನೆಯಲ್ಲಿ 'ತೆಳು' ಒಂದು ಬೈಗುಳ.

ನಾನೋ ಹದಿನಾಲ್ಕು ವರ್ಷದಿಂದ
ತೆಳುವನ್ನೇ ಕಲಿಸುತ್ತ ಬಂದವಳು:
ಕೂಸಿನ ಉಗುರಿಗಿರುವಷ್ಟು ಬಣ್ಣ, ಸಾಕು.
ಹುಳಿಯೆಲ್ಲ ತೀರಿತು, ಒಂದು ಹನಿ ಮಿಕ್ಕಿತು
ಎಂದು ನೀರು ಪಿಸುಗುಡುವಷ್ಟು.

ನಾಲ್ಕನೇ ಸಲ.
ಎಡಗೈ ತಿರುಪಿನ ಮೇಲೆ, ಬಲಗೈಲಿ ಫ್ಲಾಸ್ಕು ಆಡುತ್ತ.
ಬಿದ್ದಲ್ಲಿ ಗುಲಾಬಿ, ಅಲುಗಿದರೆ ಇಲ್ಲ.
ಬಿದ್ದಲ್ಲಿ ಗುಲಾಬಿ, ಅಲುಗಿದರೂ ಒಂದು ಗಳಿಗೆ.
ಹತ್ತೊಂಬತ್ತು ದಾಟಿತು. ಉಸಿರು ಹಿಡಿದಳು.
ತುದಿಗೆ ಜೋತ ಅರ್ಧ ಹನಿಯನ್ನು
ಗಾಜಿನ ಗೋಡೆಗೆ ಮುಟ್ಟಿಸಿ
ನೀರಿನಿಂದ ತೊಳೆದು ಇಳಿಸಿದಳು.

ಬಂತು.
ಅವಳಿಗದು ಬಣ್ಣವೇ ಅಲ್ಲ, ಬಣ್ಣದ ನೆಪ.
ಆದರೂ ತಿರುಪು ಬಿಗಿದಳು.
ಹತ್ತೊಂಬತ್ತು ಪಾಯಿಂಟ್ ಆರು.

ಬರೆದು, ಗೆರೆ ಎಳೆದು, ತಲೆಯೆತ್ತಿದರೆ ಫ್ಲಾಸ್ಕು ಖಾಲಿ ಬಿಳಿ.
"ಮೇಡಂ, ಬಣ್ಣ ಬಿಟ್ಟತ್ರೀ!"
ದನಿಯಲ್ಲಿ ಅಪ್ಪನ ಅಂಗಳದ ದಿಗಿಲು.
ಅಂದೆ: ಅದು ಗಾಳಿಯ ಕೆಲಸ,
ನಲವತ್ತು ಮಂದಿ ಬಿಟ್ಟ ಉಸಿರು
ಮೆಲ್ಲಗೆ ನೀರಿಗಿಳಿದು ಮತ್ತೆ ಹುಳಿಯಾಗುತ್ತದೆ.
ಅರ್ಧ ನಿಮಿಷ ನಿಂತಿತಲ್ಲ, ಅಷ್ಟೇ ಕರಾರು.

ಬಹಳ ಹೊತ್ತು ಯೋಚಿಸಿ ಅಂದಳು:
"ಹಂಗಾರ ಮಾರ್ಕ್ಸು ನಿಂತಿದ್ದಕ್ಕಲ್ರಿ,
ನಿಲ್ಲಿಸಿದ್ದಕ್ಕ."

ಇನ್ನೆರಡು ಸಲ ಅದೇ ಅಂಕಿ ಬರಬೇಕಿತ್ತು.
ಅಷ್ಟರಲ್ಲಿ ಗಂಟೆ.
ದಾವಲಸಾಬ ಸಿಂಕಿನ ಬಳಿ ಬುಟ್ಟಿ ಎಳೆದ,
ಒಂದೊಂದೇ ಚೆಲ್ಲತೊಡಗಿದ.
ಗುಲಾಲಿನ ಕೊನೆಯ ಫ್ಲಾಸ್ಕಿಗೆ ಅವಳು
ಕರವಸ್ತ್ರದ ಮೂಲೆ ಅದ್ದಿ, ಎತ್ತಿ, ಹಿಂಡಿ
ಕಿಟಕಿಯ ಬಿಸಿಲಿಗೆ ಹಿಡಿದಳು.

ಉಳಿಯುವುದಿಲ್ಲ ಎಂದು ಹೇಳಬಹುದಿತ್ತು.
ಹಾಜರಿ ಪುಸ್ತಕದಲ್ಲಿ ಏನೋ ಹುಡುಕಿದೆ.