ಉಪಪ್ರಮೇಯ ಮೂರು

ನಿಜ್ವಾಕ್ಕೆ ಬಂದ ವರ್ಷ ನನ್ನ ಗುರುತಿನ ಚೀಟಿಯಲ್ಲಿ
ವೃತ್ತಿ: ಲೆಕ್ಕಿಗ.
ತಿದ್ದಿಸಲು ಹೋದೆ. ಕಿಟಕಿಯಾಚೆಯ ಗುಮಾಸ್ತ
ತಲೆಯೆತ್ತದೆ ಕೇಳಿದ: ಲೆಕ್ಕ ಮಾಡುತ್ತೀರೋ ಇಲ್ಲವೋ?
ಮಾಡುತ್ತೇನೆ, ಅಂದೆ.
ಒಂಬತ್ತು ಸಲ ನವೀಕರಣವಾದರೂ ಹಾಗೇ ಉಳಿಯಿತು.

ಅರೇಖೀಯ ವಿಶ್ಲೇಷಣೆ. ಧಾರವಾಡದಲ್ಲಿ
ಆರು ವರ್ಷ ಅದಕ್ಕೇ ಸವೆಸಿದ್ದೆ.
ಇಲ್ಲಿ ಕಲಿಸಿದ್ದು ಹೆಚ್ಚಾಗಿ ಭಿನ್ನರಾಶಿ,
ಎಂಜಿನಿಯರಿಂಗ್ ಹುಡುಗರಿಗೆ ಒಂದಿಷ್ಟು ಕಲನ.
ನನ್ನ ಗಣಿತ ಶುರುವಾಗುವುದು ರಾತ್ರಿ,
ಎ.ಸಿ.ಯ ಗೊರಕೆಯ ಕೆಳಗೆ,
ಹಳೆಯ ಉತ್ತರಪತ್ರಿಕೆಗಳ ಬೆನ್ನ ಮೇಲೆ.
ಹೀಗೆ ಹದಿನಾಲ್ಕು ಪ್ರಬಂಧ.
ಎಂಟನೆಯದನ್ನು ನಾಲ್ಕು ಜನ ಓದಿದ್ದರು;
ಪೋಲೆಂಡಿನವನೊಬ್ಬ ಕಾಗದವನ್ನೂ ಬರೆದಿದ್ದ.

ಐದನೆಯವಳು ಝುವೈನಾ.
ಬಹ್ಲಾದ ಕುಂಬಾರರ ಹುಡುಗಿ.
ಕೋಣೆಗೆ ಬಂದಳು, ಕೂರಲಿಲ್ಲ.
ದಕ್ತೂರ್, ಉಪಪ್ರಮೇಯ ಮೂರು, ಎಂದಳು
ಯಾರದೋ ಸಾವಿನ ಸುದ್ದಿ ತಂದವಳಂತೆ.
ಆಮೇಲೆ ಬೋರ್ಡಿನ ಕಡೆ ತಿರುಗಿ:
ಒಂದು ಸಂಖ್ಯೆ ತೆಗೆದುಕೊಳ್ಳಿ.
ಒಂದನ್ನು ಅದರಿಂದಲೇ ಭಾಗಿಸಿ
ಬಂದದ್ದನ್ನು ಅದಕ್ಕೇ ಕೂಡಿಸಿ. ಮತ್ತೆ. ಮತ್ತೆ.
ಪ್ರತಿ ಸಲ ಹೆಜ್ಜೆ ಕಿರಿದಾಗುತ್ತದೆ, ನೋಡಿ.
ಎಲ್ಲಿ ನಿಲ್ಲುತ್ತದೆ?

ಎಲ್ಲೂ ನಿಲ್ಲುವುದಿಲ್ಲ.
ಅಂಗುಲಂಗುಲವಾಗಿ, ದಣಿಯದೆ, ಅನಂತಕ್ಕೆ ಹೋಗುತ್ತದೆ.
ನಾನು ಬರೆದಿದ್ದೆ: ಅಂತರ ಕಿರಿದಾಗುತ್ತಿದ್ದರೆ ಸಾಕು,
ಸ್ಥಿರಬಿಂದು ಇದ್ದೇ ಇರುತ್ತದೆ.
ಸಾಧನೆ ಇರಬೇಕಾದಲ್ಲಿ ಒಂದೇ ಪದ: ಸ್ಪಷ್ಟ.

ಒಂದು ತಿಂಗಳು ಸುಮ್ಮನಿದ್ದೆ. ಸುಳ್ಳೇಕೆ, ಐದು ವಾರ.
ಬಡ್ತಿಯ ಕಡತ ಮಸ್ಕತ್ತಿಗೆ ಹೋಗಿತ್ತು.

ಒಂದು ಶುಕ್ರವಾರ ಬೆಳಿಗ್ಗೆ ಫಲಜಿನ ಬದಿಯಲ್ಲಿ
ಮುದುಕನೊಬ್ಬ ನೆಟ್ಟ ಕೋಲಿನ ನೆರಳು ನೋಡುತ್ತ
ನೀರಿನ ಪಾಳಿ ಅಳೆಯುತ್ತಿದ್ದ.
ನೆರಳು ಕಲ್ಲು ಮುಟ್ಟಲು ಇನ್ನೂ ಬೆರಳಗಲ ಬಾಕಿ;
ಪಕ್ಕದ ತೋಟದವ ಆಗಲೇ ತೂಬಿಗೆ ಕೈ ಹಾಕಿದ್ದ.
ಇನ್ನೂ ಇಲ್ಲ, ಎಂದ ಮುದುಕ.
ಜಗಳವಿಲ್ಲ. ಕೈ ಹಿಂದೆ ಹೋಯಿತು.

ಆ ರಾತ್ರಿ ಸಂಪಾದಕರಿಗೆ ಬರೆದೆ: ತಪ್ಪಿದೆ,
ತೋರಿಸಿಕೊಟ್ಟವಳು ಝುವೈನಾ ಬಿಂತ್ ಖಲ್ಫಾನ್.
ಹೆಸರಿನ ಅಕ್ಷರ ಅವಳನ್ನೇ ಕೇಳಿಕೊಂಡೆ.
ಬಡ್ತಿ ಬರಲಿಲ್ಲ.
ಪೋಲೆಂಡಿನವನೂ ಮತ್ತೆ ಬರೆಯಲಿಲ್ಲ.

ಈಗ ಕೋಣೆ ಖಾಲಿ ಮಾಡುತ್ತಿದ್ದೇನೆ.
ಪುಸ್ತಕ ಮೂರು ಪೆಟ್ಟಿಗೆ, ಸರ್ಟಿಫಿಕೇಟು ಒಂದು ಚೀಲ,
ಖರ್ಜೂರದ ಡಬ್ಬಿಯಲ್ಲಿ ಸೀಮೆಸುಣ್ಣದ ತುಂಡು.
ಝುವೈನಾಳ ಹೊಸ ಪ್ರಬಂಧ ಮಾತ್ರ ಮೇಜಿನ ಮೇಲಿದೆ.
ನನ್ನ ಉಪಪ್ರಮೇಯಕ್ಕೆ ಒಂದು ಷರತ್ತು ಸೇರಿಸಿ
ಬದುಕಿಸಿಕೊಂಡಿದ್ದಾಳೆ. ಚೆನ್ನಾಗಿದೆ.
ನಾಲ್ಕನೆಯ ಪುಟದ ಕೊನೆಗೆ ಬರೆದಿದ್ದಾಳೆ: ಸ್ಪಷ್ಟ.

ಪೆನ್ಸಿಲ್ ಯಾವ ಪೆಟ್ಟಿಗೆಗೆ ಹಾಕಿದೆನೋ.