ಬೋರಲು ಬಿದ್ದ ಬೆಳಗು

ಐದಕ್ಕೇ ಎಬ್ಬಿಸಿದ ಸಗಾರಿಯಾ,
ಡೇರೆಯ ಕಂಬಕ್ಕೆ ಬೆರಳಗೆಣ್ಣು ಬಡಿದು.
"ಮಂಜು ಬಂದಿದೆ. ಏಳು. ಕಾಫಿ ಆಮೇಲೆ."
ಜೀಪಿನ ಟೈರಿನಿಂದ ಅರ್ಧ ಗಾಳಿ ಇಳಿಸಿ
ಕುಯಿಸೆಬ್ ನದಿಯನ್ನು ಚಕ್ರ ನೆನೆಯದೆ ದಾಟಿದೆವು.
ನದಿ ಅಂದರೆ ಇಲ್ಲಿ
ನೀರು ಎಂದೋ ನಡೆದುಹೋದ ದಾರಿ,
ವಾಪಸು ಬಂದೀತೆಂದು ಯಾರೂ ಹೆಸರು ಅಳಿಸಿಲ್ಲ.

ನಿನ್ನೆಯೆಲ್ಲ ದೊಡ್ಡವರ ಬೆನ್ನು ಹತ್ತಿದ್ದೆ.
ಓರಿಕ್ಸ್ ಒಂದು ದಿಬ್ಬದ ನೆತ್ತಿಗೇರಿ
ಕೋಲುಕೊಂಬು ಎರಡನ್ನೂ ಆಕಾಶಕ್ಕೆ ಚುಚ್ಚಿ
ನಾನೂರು ಸಲ ಕ್ಲಿಕ್ಕಿಸಿಕೊಂಡಿತು,
ಮದುವೆಮನೆಯ ಬೀಗರ ಹಾಗೆ,
ಬೇಸರ ತೋರಗೊಡದೆ.
ರಾತ್ರಿ ನೋಡಿದರೆ ನಾನೂರೂ ಒಂದೇ ಪಟ,
ಯಾವುದೋ ಬ್ಯಾಂಕಿನ ಕ್ಯಾಲೆಂಡರಿನಲ್ಲಿ
ಮೊದಲೇ ತೂಗುಹಾಕಿದ್ದು.
ಒಂದೊಂದಾಗಿ ಅಳಿಸುತ್ತ ಕೂತಿದ್ದಾಗ ಅವನು ಕೇಳಿದ್ದ:
"ಮಂಡಿ ಗಟ್ಟಿಯಿದೆಯಾ? ತೆವಳಬಲ್ಲೆಯಾ?"

ಐವತ್ತಮೂರು ನನಗೆ. ತೆವಳಿದೆ.

ಸಗಾರಿಯಾ ಮರಳು ಓದುತ್ತಾನೆ
ನಮ್ಮ ಮಾವ ಪೇಪರು ಓದುತ್ತಿದ್ದ ಹಾಗೆ,
ನಿಧನದ ಪುಟದಿಂದ ಶುರುಮಾಡಿ.
ಇಲ್ಲಿ ಹಲ್ಲಿ ನಡೆಯಿತು. ಇಲ್ಲಿ ನಿಂತು ಯೋಚಿಸಿತು.
ಇಲ್ಲಿಂದಾಚೆ ಹೆಜ್ಜೆಯಿಲ್ಲ,
ಎಡಕ್ಕೂ ಬಲಕ್ಕೂ ರೆಕ್ಕೆ ಬಾಚಿದ ಗೆರೆ.
ಅಲ್ಲಿ, ಅಲ್ಲಲ್ಲ, ಕೈ ತೆಗೆ!
ಮರಳಲ್ಲಿ ಮಿನುಗಿದ ಎರಡು ಸಾಸಿವೆಕಾಳು
ಹಾವಿನ ಕಣ್ಣು.
ಹೂತ ಮೈಯ ಆಚೆ ತುದಿಯಲ್ಲಿ ಕಪ್ಪು ಬಾಲವೊಂದು
ಹುಳದಂತೆ ಹೊರಳಿ ಗಿರಾಕಿ ಕರೆಯುತ್ತಿತ್ತು.
ಅದರ ಪಟ ತೆಗೆಯಲಿಲ್ಲ. ಕೈ ನಡುಗುತ್ತಿತ್ತು ಅಂತ ಬರೆದುಕೊಳ್ಳಿ.

ದಿಬ್ಬದ ಏಣಿನ ಮೇಲೆ, ಕೊನೆಗೂ, ಅದು.
ಹುಣಸೆಬೀಜದಂಥ ಜೀರುಂಡೆ,
ಹಿಂಗಾಲು ನಿಗುರಿಸಿ, ತಲೆ ತಗ್ಗಿಸಿ,
ಅಟ್ಲಾಂಟಿಕ್ಕಿನ ಗಾಳಿಗೆ ಅಂಡು ಎತ್ತಿ ನಿಂತಿತ್ತು,
ಯೋಗದ ಮೊದಲ ತರಗತಿಯಲ್ಲಿ ನಾನು ನಿಂತ ಹಾಗೆ.
ಅದು ಬೀಳಲಿಲ್ಲ.
ಮಂಜು ಅದರ ಬೆನ್ನಿಗೆ ಬಂದು ಹನಿಯಾಯಿತು,
ಹನಿ ಬೆನ್ನಿಂದ ಕತ್ತಿಗೆ, ಕತ್ತಿನಿಂದ ಬಾಯಿಗೆ
ಯಾರ ಅವಸರಕ್ಕೂ ಸಿಗದೆ ಜಾರಿತು.
ಹನಿಗೂಡಿದರೆ ಹಳ್ಳ ಅನ್ನುತ್ತದೆ ನನ್ನ ನುಡಿ.
ಈ ಸೀಮೆಯ ಹನಿ
ಹಳ್ಳವಾಗುವ ಆಸೆಯನ್ನೇ ಬಿಟ್ಟಿದೆ,
ಒಂದು ಬಾಯಿಗೆ ಸರಿಹೋದರೆ ಸಾಕು ಅದಕ್ಕೆ.

ಉಸಿರಾಡಿದರೆ ಫೋಕಸ್ಸು
ಮೀಸೆಯಿಂದ ಕಾಲಿಗೆ ಜಾರುತ್ತಿತ್ತು.
ಉಸಿರು ಕಟ್ಟಿದೆ. ಬಿಟ್ಟೆ.
ಬಿಟ್ಟದ್ದು ಗಾಜಿಗೆ ಹತ್ತಿ ನನ್ನದೇ ಒಂದು ಮಂಜಾಯಿತು,
ಯಾರೂ ಕುಡಿಯದ್ದು.
ಒರೆಸಿ ನೋಡುವಷ್ಟರಲ್ಲಿ ಬಿಸಿಲು.
ಜೀರುಂಡೆ ಮರಳೊಳಗೆ, ಬಾಗಿಲು ಕೂಡ ಬಿಡದೆ.
ಹನ್ನೊಂದು ಪಟ. ಹತ್ತು ಮಸುಕು.
ಲೆನ್ಸಿನ ಬಳೆ ತಿರುಗಿಸಿದರೆ ಕರಕರ,
ಮರುಭೂಮಿಯಷ್ಟೂ ಒಳಗೆ ಸೇರಿದ ಹಾಗೆ.

ಹಳ್ಳಿಯಲ್ಲಿ ಅವನಜ್ಜಿ, ಔಮಾ ಕ್ರಿಸ್ಟೋಫೀನಾ,
ತಗಡಿನ ನೆರಳಲ್ಲಿ ಕೂತು
ನಾರಾ ಹಣ್ಣಿನ ಬೀಜ ಹರವುತ್ತಿದ್ದಳು.
ಉಳಿದ ಒಂದೇ ಪಟವನ್ನು ತೋರಿಸಿದೆ,
ಬೆರಳಲ್ಲಿ ಹಿಗ್ಗಿಸಿ, ಮತ್ತೂ ಹಿಗ್ಗಿಸಿ,
ಬೆನ್ನಿನ ಗುಳ್ಳೆ ಬೆಟ್ಟವಾಗುವ ತನಕ.
ಅವಳು ಏನೋ ಅಂದಳು.
ನನ್ನ ಕ್ಯಾಮೆರಾಕ್ಕೆ ಇರುವುದು ಒಂದೇ ಕ್ಲಿಕ್ಕು,
ಅವಳ ನುಡಿಗೆ ನಾಲ್ಕು;
ನಾಲಗೆ ಅಂಗುಳ ಬಿಟ್ಟಾಗ ಬೀಜ ಸಿಡಿದಂತೆ ಮಾತು.
ಸಗಾರಿಯಾ ನಗು ತಡೆದುಕೊಂಡು ತಿಳಿಸಿದ:
"ಯಾಕೆ ಇಷ್ಟು ದೊಡ್ಡದು ಮಾಡಿದೆ, ಕೇಳ್ತಾಳೆ.
ಪಾಪ, ಈ ಮೈಗೆ ಆ ಹನಿ ಎಲ್ಲಿ ಸಾಕು?"

ಎರಡು ಬೆರಳು ಕೂಡಿಸಿ ಕುಗ್ಗಿಸಿದೆ.
ಇನ್ನೂ, ಅಂದಳು ಕೈಯಲ್ಲೇ.
ಇನ್ನೂ.
ಪರದೆಯ ತುಂಬ ಮರಳು, ಮರಳ ತುಂಬ ಮಂಜು,
ನಡುವೆ ಎಲ್ಲೋ ಒಂದು ಕರಿ ಚುಕ್ಕೆ.
"ಹಾಂ," ಅಂದಳಂತೆ, "ಈಗ ಕುಡೀಲಿ."
ಮತ್ತೆ ಬೀಜದ ಕಡೆ ತಿರುಗಿದಳು.

ಕಾಫಿ ಬಂತು.
ತಳದಲ್ಲಿ ಮರಳು.